ಬೋರ್ಡು ಗಿಡ್ಡ ಇರಲಿ, ಸೈಡ್‌ಕಟ್ ಉದ್ದ ಇರಲಿ

ಗಿಡ್ಡ ಸ್ನೋಬೋರ್ಡ್ ಬೇಕು ಅಂದರೆ ಸಾಕು, ಅಂಗಡಿಯವರು ಸೀದಾ ಪಾರ್ಕ್ ಬೋರ್ಡುಗಳ (ಜಂಪು, ಕಸರತ್ತಿಗೆ ಮಾಡಿದವು) ಗೋಡೆಯ ಮುಂದೆ ನಿಲ್ಲಿಸುತ್ತಾರೆ. 152, 154 ಸೆಂ.ಮೀ., ಸೈಡ್‌ಕಟ್ (ಬೋರ್ಡಿನ ಪಕ್ಕದ ಒಳಬಾಗಿನ ತ್ರಿಜ್ಯ, ಮುಂದೆ ಬಿಡಿಸಿ ಹೇಳುತ್ತೇನೆ) ಏಳೂವರೆ ಮೀಟರು, ಹಿಂದೆ ಮುಂದೆ ಎರಡೂ ತುದಿ ಒಂದೇ ಥರ. ನನಗೆ ಜಂಪು ಗಿಂಪು ಬೇಡ ಮಾರಾಯ್ರೆ, ಅಂಚಿನ ಮೇಲೆ ನಿಂತು ಗೀರು ಎಳೆಯಬೇಕು ಅಂದರೆ ಇನ್ನೊಂದು ಗೋಡೆಗೆ ಕರೆದೊಯ್ಯುತ್ತಾರೆ. ಅಲ್ಲಿ 164, 168, ಸೈಡ್‌ಕಟ್ ಹತ್ತು ಮೀಟರಿನ ಮೇಲೆ. ಎರಡರ ನಡುವೆ ಏನೂ ಇಲ್ಲ. ಬೋರ್ಡು ಗಿಡ್ಡ ಆದರೆ ತಿರುವೂ ಸಣ್ಣದು, ಬೋರ್ಡು ಉದ್ದ ಆದರೆ ತಿರುವೂ ದೊಡ್ಡದು ಅಂತ ಯಾರು ಗಂಟು ಹಾಕಿದರೋ, ಎಲ್ಲರೂ ಅದನ್ನೇ ಹೇಳಿಕೊಂಡು ಬಂದಿದ್ದಾರೆ. ನನ್ನ ಪ್ರಕಾರ ಉದ್ದ ಎಷ್ಟು ಅನ್ನುವುದೇ ಬೇರೆ, ಸೈಡ್‌ಕಟ್ ಎಷ್ಟು ಅನ್ನುವುದೇ ಬೇರೆ. ಒಂದೇ ಬೋರ್ಡಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲ ಆಗಬೇಕು, ಮನಸ್ಸು ಮಾತ್ರ ಕಾರ್ವಿಂಗ್ ಕಡೆಗೇ, ಅಂದರೆ ಅಂಚಿನಲ್ಲಿ ಗೀರು ಎಳೆಯುವ ಕಡೆಗೇ ಅನ್ನುವವರಿಗೆ ಗಿಡ್ಡ ಬೋರ್ಡು, ಉದ್ದ ಸೈಡ್‌ಕಟ್ ಅನ್ನೋ ಈ ವಿಚಿತ್ರ ಜೋಡಿಯೇ ಸರಿ.

ಮ್ಯೂನಿಕ್‌ನ ನಮ್ಮ ಕನ್ನಡದ ಗುಂಪಿನಲ್ಲಿ ಹಿಮದ ಹುಚ್ಚು ಹತ್ತಿದವರು ಈಗ ಸಾಕಷ್ಟು ಜನ. ಮೊದಲನೇ ಚಳಿಗಾಲ ಬಾಡಿಗೆ ಬೋರ್ಡು, ಎರಡನೇ ಚಳಿಗಾಲ ಬೆನ್ನಿಗೆ ಎಣ್ಣೆ, ಮೂರನೇ ಚಳಿಗಾಲ "ಯಾವ ಬೋರ್ಡ್ ತಗೊಳ್ಲಿ?" ಅಂತ ಮೆಸೇಜು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಒಟ್ಟಿಗೆ ಇಲ್ಲೇ ಬರೆದುಬಿಡುತ್ತೇನೆ. (ಹಿಮಕ್ಕೂ ನಮಗೂ ಏನಯ್ಯಾ ಸಂಬಂಧ ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಕೂಟದಿಂದ ಕರ್ನಾಟಕಕ್ಕೆ ಪದಕ ತಂದಿದ್ದಾರೆ.)

ಮೊದಲು ಕಾರ್ವಿಂಗ್ ಅಂದರೇನು ನೋಡೋಣ. ಬೋರ್ಡಿನ ಉಕ್ಕಿನ ಅಂಚು ಹಿಮವನ್ನು ಕಚ್ಚಿ, ನೋಸ್ (ಮುಂದಿನ ತುದಿ) ಹೋದ ಗೆರೆಯಲ್ಲೇ ಟೇಲ್ (ಹಿಂದಿನ ತುದಿ) ಕೂಡ ಹೋಗಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದಲ್ಲ. ಹಲಗೆ ಅಡ್ಡ ತಿರುಗಿ, ಕಾಯಿ ತುರಿದ ಹಾಗೆ ಹಿಮ ಕೆರೆಯುತ್ತ ಇಳಿಯುತ್ತದೆ. ಚೇರ್‌ಲಿಫ್ಟಿನಲ್ಲಿ ಕೂತು ಕೆಳಗೆ ನೋಡಿ, ಗೊತ್ತಾಗುತ್ತದೆ. ರಾತ್ರಿ ಯಂತ್ರ ಬಾಚಿ ಹೋದ ಸಾಲುಗಳ ಮೇಲೆ ಕೆಲವರು ಬಿಟ್ಟದ್ದು ಒಂದು ಮೊಳ ಅಗಲದ ಉಜ್ಜಿದ ಗುರುತು. ಅಪರೂಪಕ್ಕೆ ಒಬ್ಬರದ್ದು ಎರಡು ಬೆರಳಗಲದ ಆಳವಾದ ಗೀರು, ಇಳಿಜಾರಿಗೆ ಅಡ್ಡಡ್ಡ ಬಳುಕಿಕೊಂಡು ಹೋಗಿರುತ್ತದೆ, ಹಿಮ್ಮಡಿ ಅಂಚಿನಿಂದ ಬೆರಳಂಚಿಗೆ ದಾಟುವ ಕಡೆ ಮಾತ್ರ ಕಡಿದಿರುತ್ತದೆ. ಆ ಎರಡನೇ ಗುರುತು ನನ್ನದಾಗಬೇಕು ಅಂತ ಅನ್ನಿಸದವರು ಈ ಪೋಸ್ಟ್ ಇಲ್ಲಿಗೇ ಬಿಟ್ಟು ಮುಂದೆ ಹೋಗಬಹುದು, ಬೇಜಾರಿಲ್ಲ.

ಬೋರ್ಡಿನ ಸೊಂಟ ಸಣ್ಣ, ಎರಡು ತುದಿ ಅಗಲ. ಪಕ್ಕದ ಆ ಒಳಬಾಗನ್ನು ಹಾಗೇ ಮುಂದುವರಿಸಿದರೆ ಒಂದು ದೊಡ್ಡ ವೃತ್ತ ಆಗುತ್ತದೆ, ಅದರ ತ್ರಿಜ್ಯವೇ ಸೈಡ್‌ಕಟ್. ಹಿಮ ಮುಟ್ಟುವ ಅಂಚು 120 ಸೆಂ.ಮೀ. ಇರುವ ಒಂದು ಬೋರ್ಡ್ ತಗೊಳ್ಳಿ. ಸೈಡ್‌ಕಟ್ 7.5 ಮೀಟರ್ ಆದರೆ ಸೊಂಟದ ಹತ್ತಿರ ಒಳಬಾಗಿನ ಆಳ 24 ಮಿ.ಮೀ., 11 ಮೀಟರ್ ಆದರೆ 16 ಮಿ.ಮೀ. ಒಂದೊಂದು ಪಕ್ಕಕ್ಕೆ ಇರುವುದು ಎಂಟು ಮಿಲಿಮೀಟರ್ ವ್ಯತ್ಯಾಸ! ಗೋಡೆಗೆ ಒರಗಿಸಿಟ್ಟ ಎರಡು ಬೋರ್ಡನ್ನು ಬರೀ ಕಣ್ಣಲ್ಲಿ ನೋಡಿ ಇದು ಯಾವುದು ಅದು ಯಾವುದು ಅಂತ ಹೇಳುವುದು ಕಷ್ಟ. ಹಿಮದ ಮೇಲೆ ಮಾತ್ರ ಎರಡೂ ಬೇರೆಯದೇ ಪ್ರಾಣಿಗಳು.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಪಿಯುಸಿ ಫಿಸಿಕ್ಸು, ಸಹಿಸಿಕೊಳ್ಳಿ.

ಬೋರ್ಡನ್ನು ವಾಲಿಸಿದಷ್ಟೂ ಅದು ಹಿಮದ ಮೇಲೆ ಬಾಗುತ್ತದೆ, ತಿರುವು ಚಿಕ್ಕದಾಗುತ್ತದೆ. ಸೈಡ್‌ಕಟ್ ಅನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿದರೆ ಹೆಚ್ಚುಕಮ್ಮಿ ತಿರುವಿನ ತ್ರಿಜ್ಯ ಸಿಗುತ್ತದೆ. 60 ಡಿಗ್ರಿಗೆ ಅರ್ಧಕ್ಕರ್ಧ. ಇನ್ನೊಂದು ಕಡೆ, ಆ ತಿರುವಿನಲ್ಲಿ ಬೀಳದೆ ಇರಬೇಕಾದರೆ ವೇಗಕ್ಕೆ ತಕ್ಕಷ್ಟು ದೇಹ ಒಳಗೆ ವಾಲಬೇಕು. ದೇಹ ಎಷ್ಟೋ ಬೋರ್ಡೂ ಅಷ್ಟೇ ವಾಲಿದೆ, ಒಂಚೂರೂ ಜಾರುತ್ತಿಲ್ಲ, ನೆಲ ಸಮತಟ್ಟು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ 7.5 ಮೀಟರಿನ ಬೋರ್ಡು ನಿಮ್ಮನ್ನು ಸುಮಾರು 70 ಡಿಗ್ರಿ ವಾಲಿಸುತ್ತದೆ, ತಿರುವು ಎರಡೂವರೆ ಮೀಟರಿಗೆ ಇಳಿಯುತ್ತದೆ, ಕಾಲಿನ ಮೇಲೆ ನಿಮ್ಮ ತೂಕದ ಮೂರು ಪಟ್ಟು ಭಾರ. ಅದೇ ವೇಗ, 11 ಮೀಟರಿನ ಬೋರ್ಡು: 40 ಡಿಗ್ರಿ, ಎಂಟು ಮೀಟರಿಗೆ ಸ್ವಲ್ಪ ಮೇಲಿನ ತಿರುವು, ಭಾರ ಒಂದೂಕಾಲು ಪಟ್ಟಿನ ಆಸುಪಾಸು. ವಾರವೆಲ್ಲ ಆಫೀಸಿನ ಕುರ್ಚಿಯಲ್ಲಿ ಕೂತು ಶನಿವಾರ ಗುಡ್ಡ ಹತ್ತುವ ನಮ್ಮಂಥವರ ತೊಡೆ ಯಾವುದನ್ನು ತಡೆದೀತು ನೀವೇ ಹೇಳಿ.

ಈ ಲೆಕ್ಕದಲ್ಲಿ ಪ್ರತಿ ಸೈಡ್‌ಕಟ್‌ಗೂ ಒಂದು ವೇಗದ ಮಿತಿ ಇದೆ. 7.5 ಮೀಟರಿಗೆ ಗಂಟೆಗೆ ಸುಮಾರು 31 ಕಿ.ಮೀ., 11 ಮೀಟರಿಗೆ 37. ಅದರಾಚೆ ಶುದ್ಧ ಕಾರ್ವ್ ಆಗುವುದಿಲ್ಲ, ಅಂಚು ಬಿಟ್ಟುಕೊಡುತ್ತದೆ. ನಿಜವಾದ ಗುಡ್ಡದಲ್ಲಿ ಇಳಿಜಾರಿದೆ, ಸೊಂಟ ಮಂಡಿ ಬಾಗಿಸುವುದಿದೆ, ಚೂರು ಜಾರಿಸುವುದಿದೆ, ಹಾಗಾಗಿ ಈ ಸಂಖ್ಯೆಗಳನ್ನು ಶಾಸನದ ಹಾಗೆ ಹಿಡಿದುಕೊಳ್ಳಬೇಡಿ. ದಿಕ್ಕು ಮಾತ್ರ ಅದೇ. ಪಾರ್ಕ್ ಬೋರ್ಡಿನಲ್ಲಿ ಕೆಂಪು ಪಿಸ್ಟ್ (ಮಧ್ಯಮ ಕಷ್ಟದ, ಬಾಚಿದ ಇಳಿಜಾರು) ಇಳಿಯುವಾಗ ತಿರುವಿನ ಮಧ್ಯದಲ್ಲಿ ಟೇಲ್ ಪಟಪಟ ಹೊಡೆದುಕೊಂಡು ಹೊರಗೆ ಹಾರಿದ ಅನುಭವ ನಿಮಗಾಗಿದ್ದರೆ, ಆಗ ಬರುವ "ನನಗೆ ಟೆಕ್ನಿಕ್ ಸಾಲದು" ಅನ್ನೋ ಬೇಸರದಲ್ಲಿ ಅರ್ಧ ಪಾಲು ಬೋರ್ಡಿನ ಲೆಕ್ಕಕ್ಕೆ ಹಾಕಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನೊಂದಿದೆ. ಅದೇ 11 ಮೀಟರಿನ ಬೋರ್ಡನ್ನು 36 ಕಿ.ಮೀ. ವೇಗಕ್ಕೆ ತನ್ನಿ: ಕೋನ 68 ಡಿಗ್ರಿ, ತಿರುವು ನಾಲ್ಕು ಮೀಟರು. ಅಂದರೆ ವೇಗ ಏರಿದರೆ ತಿರುವು ಚಿಕ್ಕದಾಗುತ್ತದೆ! ಕಾರು ಸ್ಕೂಟರು ಓಡಿಸಿದ ತಲೆಗೆ ಇದು ಒಗ್ಗುವುದೇ ಇಲ್ಲ. ಒಂದೇ ಬೋರ್ಡು, ಆರು ಕಿಲೋಮೀಟರ್ ವೇಗದ ಅಂತರದಲ್ಲಿ ಎಂಟು ಮೀಟರಿನಿಂದ ನಾಲ್ಕು ಮೀಟರಿನವರೆಗೆ ಎಲ್ಲ ತಿರುವೂ ಕೊಡುತ್ತದೆ. ತಿರುವಿನ ಗಾತ್ರವನ್ನು ನಾವು ಆರಿಸುತ್ತೇವೆ, ಬೋರ್ಡು ಆರಿಸುವುದಿಲ್ಲ. ಏಳೂವರೆಯ ಬೋರ್ಡಿನಲ್ಲಿ 30 ದಾಟುವ ಹೊತ್ತಿಗೆ ಆರಿಸಲು ಏನೂ ಉಳಿದಿರುವುದಿಲ್ಲ. ಬಹೂಪಯೋಗಿ ಬೋರ್ಡು ಅಂತ ನಾನು ಕರೆಯುವುದು ಇದನ್ನು. ಪಾರ್ಕಿಗೂ ಆಗುತ್ತೆ, ಪೌಡರಿಗೂ (ಆಳದ ಹೊಸ ಹಿಮಕ್ಕೂ) ಆಗುತ್ತೆ ಅಂತ ಜಾಹೀರಾತಿನಲ್ಲಿ ಬರೆದದ್ದಕ್ಕಲ್ಲ.

ಹಾಗಾದರೆ 168 ಯಾಕೆ ಬೇಡ? ಮ್ಯೂನಿಕ್‌ನ ದಕ್ಷಿಣಕ್ಕೆ, ಲೆಂಗ್ರೀಸ್ ಊರಿನ ಮೇಲಿರುವ ಬ್ರೌನೆಕ್ ಗುಡ್ಡಕ್ಕೆ ಒಂದು ಶನಿವಾರ ಬಂದು ನೋಡಿ. ತುದಿ 1,555 ಮೀಟರ್ ಅಷ್ಟೇ, ಹಿಮದಲ್ಲಿ ಯಂತ್ರದಿಂದ ಮಾಡಿದ್ದೇ ದೊಡ್ಡ ಪಾಲು. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನದ ಮೇಲೆ ಕರಗಿ ಗುಡ್ಡೆ ಗುಡ್ಡೆ. ಮಕ್ಕಳ ಸ್ಕೀ ಶಾಲೆಯ ಸಾಲು ಒಂದರ ಹಿಂದೆ ಒಂದು, ಕಾಡಿನ ನಡುವೆ ಕಿರಿದಾದ ದಾರಿ, ಎದುರಿಗೆ ಯಾರೋ ಧುತ್ತಂತ ಕೂತುಬಿಟ್ಟಿರುತ್ತಾರೆ. ಅಲ್ಲಿ ಕಾರ್ವಿಂಗ್ ಇಲ್ಲ, ಹಿಂಗಾಲಿನಿಂದ ಟಕ್ಕನೆ ತಿರುಗಿಸಿ ನಿಲ್ಲಿಸಬೇಕು. ಬೋರ್ಡು ಗಿಡ್ಡ ಇದ್ದಷ್ಟು ಈ ಕೆಲಸ ಹಗುರ. ಗುಡ್ಡೆಗಳ ನಡುವೆಯೂ ಅಷ್ಟೇ. ಸೈಡ್‌ಕಟ್ ಉದ್ದ ಇದ್ದರೆ ಅಂಚು ನೇರಕ್ಕೆ ಹತ್ತಿರ ಇರುತ್ತದೆ, ನೋಸ್ ಟೇಲ್ ಎರಡೂ ಹಿಮಕ್ಕೆ ಹಟಮಾರಿಯಾಗಿ ಸಿಕ್ಕಿಕೊಳ್ಳುವುದಿಲ್ಲ, ಬೇಕೆಂದಾಗ ಜಾರಿಸುವುದಕ್ಕೂ ಸುಲಭ. ಇದನ್ನು ನಾನು ಎಷ್ಟು ಹೇಳಿದರೂ ನಂಬದವರಿದ್ದಾರೆ, ಒಮ್ಮೆ ಬಾಡಿಗೆಗೆ ತಂದು ನೋಡಲಿ. ಇನ್ನು ಮ್ಯೂನಿಕ್‌ನಿಂದ ಲೆಂಗ್ರೀಸ್‌ಗೆ ಹೋಗುವ ಬೆಳಗಿನ ರೈಲಿನಲ್ಲಿ 168ರ ಚೀಲ ಹೊತ್ತು ನಿಂತವರ ಮುಖ ನೋಡಿದ್ದೇನೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಉದ್ದ ಆರಿಸಲು "ಗಲ್ಲದ ತನಕ ಬರಬೇಕು" ಅನ್ನುವ ಹಳೇ ಅಳತೆ ಇವತ್ತಿಗೂ ಅಂಗಡಿಗಳಲ್ಲಿ ಓಡುತ್ತಿದೆ. ಹಲಗೆಯನ್ನು ಬಾಗಿಸುವುದು ನಮ್ಮ ತೂಕ, ಎತ್ತರ ಅಲ್ಲ. 60-65 ಕಿಲೋದವರಿಗೆ 152ರಿಂದ 156, ಸೈಡ್‌ಕಟ್ 10ರಿಂದ 11 ಅನ್ನುವುದು ನನ್ನ ಅಭಿಪ್ರಾಯ. 80 ದಾಟಿದವರು ನಾಲ್ಕೈದು ಸೆಂಟಿಮೀಟರ್ ಸೇರಿಸಿಕೊಳ್ಳಿ. ಕ್ಯಾಂಬರ್ (ನೆಲಕ್ಕಿಟ್ಟರೆ ನಡು ಮೇಲೆದ್ದಿರುವ ಬಾಗು) ಇರುವುದೇ ತಗೊಳ್ಳಿ. ಅದಕ್ಕೆ ಉಲ್ಟಾ ಬಾಗಿದ ರಾಕರ್ ಬೋರ್ಡಿನ ಅಂಚು ತುದಿಗಳಲ್ಲಿ ಹಿಮದಿಂದ ಎದ್ದು ನಿಲ್ಲುತ್ತದೆ, ಮೊದಲೇ ಗಿಡ್ಡ ಇರುವ ಅಂಚನ್ನು ಇನ್ನೂ ಕಳೆದುಕೊಂಡರೆ ಏನು ಪ್ರಯೋಜನ? ಗಡಸುತನ ನಡು ಮಟ್ಟದ್ದು ಸಾಕು. ಗಿಡ್ಡ ಬೋರ್ಡು, ಉದ್ದ ಸೈಡ್‌ಕಟ್, ಮೇಲೆ ಕಬ್ಬಿಣದಂಥ ಗಡಸು ಅಂದರೆ ಅದು ಬಾಗುವುದೇ ಇಲ್ಲ, ಬರೀ ಮರದ ತುಂಡು. ಉದ್ದಕ್ಕೆ ಸ್ವಲ್ಪ ಬಾಗಬೇಕು, ತಿರುಚಿದರೆ ಬಗ್ಗಬಾರದು.

ಈಗ ಯಾರೂ ಕೇಳದ, ಎಲ್ಲರೂ ಕೇಳಬೇಕಾದ ವಿಷಯ: ಸೊಂಟದ ಅಗಲ. ಬೋರ್ಡು ಎಷ್ಟೇ ಚೆನ್ನಾಗಿರಲಿ, ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿದರೆ ಅಂಚು ಮೇಲೆದ್ದು ನೀವು ಸೊಂಟದ ಮೇಲೆ ಜಾರುತ್ತೀರಿ. ಸಾಫ್ಟ್ ಬೂಟಿನ ಹೊರ ಅಳತೆ 30 ಸೆಂ.ಮೀ. ಅಂದುಕೊಳ್ಳಿ. ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಕಟ್ಟುವ ಹಿಡಿ) 30 ಡಿಗ್ರಿ ಮುಂದಕ್ಕೆ ತಿರುಗಿಸಿದರೆ ಅಡ್ಡಕ್ಕೆ ಅದು ಸುಮಾರು 26ಕ್ಕೆ ಇಳಿಯುತ್ತದೆ. ಬಾತುಕೋಳಿ ನಿಲುವು (ಎರಡು ಪಾದ ಎರಡು ದಿಕ್ಕಿಗೆ ಹೊರಮುಖ) ಬಿಟ್ಟು ಎರಡೂ ಪಾದ ಮುಂದಕ್ಕೆ ಮಾಡಿ ಅಂತ ಕಾರ್ವಿಂಗ್ ಮಂದಿ ಹೇಳುವುದಕ್ಕೆ ಒಂದು ಕಾರಣ ಇದು. ಉದ್ದ ಸೈಡ್‌ಕಟ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪಾದ ಇರುವುದು ನಡುವಿನಿಂದ ಸುಮಾರು 25 ಸೆಂ.ಮೀ. ಆಚೆ. 7.5 ಮೀಟರಿನ ಬೋರ್ಡು ಅಲ್ಲಿ ಸೊಂಟಕ್ಕಿಂತ ಎಂಟು ಮಿ.ಮೀ. ಅಗಲ ಆಗಿರುತ್ತದೆ, 11 ಮೀಟರಿನದ್ದು ಆರೇ ಮಿ.ಮೀ. ಹಾಗಾಗಿ ಹಳೇ ಬೋರ್ಡಿನ ಸೊಂಟದ ಅಳತೆಯನ್ನೇ ನೆಚ್ಚಿಕೊಳ್ಳದೆ ಒಂದು ಕೂದಲು ಜಾಸ್ತಿ ತಗೊಳ್ಳಿ. ಅಂಗಡಿಯಲ್ಲೇ ಬೂಟನ್ನು ಬೈಂಡಿಂಗಿಗೆ ಕಟ್ಟಿ, ಬೋರ್ಡನ್ನು ಮೇಜಿನ ಮೇಲೆ ಅಂಚಿಗೆ ನಿಲ್ಲಿಸಿ, ನಿಧಾನ ವಾಲಿಸಿ. ಹೆಬ್ಬೆರಳ ಕಡೆ ಯಾವಾಗ ಮೇಜಿಗೆ ತಾಗುತ್ತದೆ, ಹಿಮ್ಮಡಿ ಕಡೆ ಯಾವಾಗ ತಾಗುತ್ತದೆ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಈ ಜೋಡಿ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಜಪಾನಿನಲ್ಲಿ ಸಾಫ್ಟ್ ಬೂಟ್ ಕಾರ್ವಿಂಗ್ ಒಂದು ಪಂಥದ ಹಾಗೆ ಬೆಳೆದಿದೆ. ಗ್ರೇ, ಮಾಸ್, ಒಗಸಾಕ ಇವೆಲ್ಲ ಅಲ್ಲಿಯ ಹೆಸರುಗಳು. ಅವರ ಹ್ಯಾಮರ್‌ಹೆಡ್ ಬೋರ್ಡುಗಳ ನೋಸ್ ದುಂಡಗಿಲ್ಲ, ಕತ್ತರಿಸಿದ ಹಾಗೆ ಚಪ್ಪಟೆ. ಗಾಳಿಯಲ್ಲಿ ಸುಮ್ಮನೆ ತೇಲುವ ತುದಿಯನ್ನು ಕಡಿದು, ಇರುವ ಉದ್ದವನ್ನೆಲ್ಲ ಅಂಚಿಗೇ ಬಳಸಿದ್ದಾರೆ. ನೋಡಲು ಚಂದ ಇಲ್ಲ, ನಾನೂ ಒಪ್ಪುತ್ತೇನೆ. ಅಮೆರಿಕದ ಕೊಲರಾಡೋದ ಡೋನೆಕ್‌ನಂಥ ಸಣ್ಣ ತಯಾರಕರು ನಿಮ್ಮ ತೂಕ, ಬೂಟು ಕೇಳಿ, ಸೊಂಟ, ಸೈಡ್‌ಕಟ್ ಹೇಳಿದಂತೆ ಮಾಡಿಕೊಡುತ್ತಾರೆ. ಜೇಬು ಗಟ್ಟಿ ಇರಬೇಕು. ರೇಸಿನವರ ಬೋರ್ಡು ಆಸೆ ಪಡಬೇಡಿ. 2018ರಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀ ಸೂಪರ್-ಜಿ, ಸ್ನೋಬೋರ್ಡ್ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ನಿಲ್ಲುವಂಥದ್ದು ಹಾರ್ಡ್ ಬೂಟು, ಕಿರಿದಾದ ಸೊಂಟ, ಆಳೆತ್ತರ ಮೀರುವ ಉದ್ದ. ರೇಸಿನ ದಾರಿಯಲ್ಲಿ ನೆಟ್ಟ ಕೋಲುಗಳನ್ನು ಸುತ್ತಿ ಇಳಿಯಲು ಮಾಡಿದ ಅಸ್ತ್ರ ಅದು, ಶನಿವಾರದ ಜನಜಂಗುಳಿಗಲ್ಲ.

ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಗಂಟೆಗೆ 20 ಕಿ.ಮೀ.ನಲ್ಲಿ ಈ ಗಿಡ್ಡ, 11 ಮೀಟರಿನ ಬೋರ್ಡು ಆಕಳಿಸುತ್ತದೆ, ಹದಿನೇಳು ಡಿಗ್ರಿಯಷ್ಟು ವಾಲಿ ಹತ್ತೂವರೆ ಮೀಟರಿನ ತಿರುವು, ಅಷ್ಟೇ. ಸುಲಭದ ನೀಲಿ ಪಿಸ್ಟ್‌ನಲ್ಲಿ ಮೆಲ್ಲಗೆ ಇಳಿಯುವವರಿಗೆ ಏಳೂವರೆ-ಎಂಟೇ ಖುಷಿ ಕೊಡುತ್ತದೆ. ಜನವರಿಯ ಗಾಜಿನಂಥ ಮಂಜುಗಡ್ಡೆಯ ಮೇಲೆ ಗಿಡ್ಡ ಅಂಚು ಉದ್ದ ಅಂಚಿನಷ್ಟು ಹಿಡಿಯುವುದಿಲ್ಲ, ಅಂಚನ್ನು ಆಗಾಗ ಅರ ಹಾಕಿ ಹರಿತ ಇಡಬೇಕು. ಆಳದ ಹೊಸ ಹಿಮದಲ್ಲಿ ನೋಸ್ ಮುಳುಗುತ್ತದೆ, ಹಿಂಗಾಲು ಸುಡುತ್ತದೆ. ಗುಲ್ಮಾರ್ಗ್‌ಗೆ ಇದನ್ನೇ ತರಲಾ ಅಂತ ಒಬ್ಬರು ಕೇಳಿದ್ದರು. ಬೇಡ. ಅಲ್ಲಿ ಗೊಂಡೋಲಾದ ಎರಡನೇ ಹಂತ ಹತ್ತಿ ಅಫರ್‌ವಾತ್ ಮೇಲೆ ಇಳಿದರೆ 4,000 ಮೀಟರಿನ ಹತ್ತಿರ ಇರುತ್ತೀರಿ, ಯಂತ್ರ ಬಾಚದ ಇಳಿಜಾರು. ಅದಕ್ಕೆ ಅಗಲ ನೋಸಿನ ಪೌಡರ್ ಬೋರ್ಡೇ ಬೇಕು, ಜೊತೆಗೆ ಹಿಮಕುಸಿತದ ಅಪಾಯ ಗೊತ್ತಿರುವ ಗೈಡ್ ಬೇಕು.

ಹಳೇದು ಕೊಳ್ಳುವವರಿಗೆ: ಒಳಗೆ ಟೈಟನಾಲ್ ಪದರ ಇರುವ ಬೋರ್ಡು ನಡುಕ ನುಂಗುತ್ತದೆ, ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ. ಆದರೆ ಅದು ಅಲ್ಯೂಮಿನಿಯಂ ಮಿಶ್ರಲೋಹ, ಜೋರಾಗಿ ಗುದ್ದಿದರೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ. ಒಂದು ಕಣ್ಣು ಮುಚ್ಚಿ ಟೇಲ್ ಕಡೆಯಿಂದ ನೋಸ್ ತನಕ ಅಡಿಭಾಗ ನೋಡಿ, ಸಪಾಟು ನೆಲದ ಮೇಲೆ ಇಟ್ಟು ಎರಡೂ ಕಡೆ ಒಂದೇ ಸಮ ಕೂರುತ್ತದಾ ನೋಡಿ, ಬೈಂಡಿಂಗಿನ ತೂತುಗಳ ಸುತ್ತ ಬೆರಳಾಡಿಸಿ. ಅಲ್ಲಿ ಉಬ್ಬು ಸಿಕ್ಕಿದರೆ ಮಾರುವವರು ಎಷ್ಟೇ ಚೌಕಾಸಿಗೆ ಇಳಿದರೂ ವಾಪಸ್ ಕೊಟ್ಟು ಬನ್ನಿ. ಸೈಡ್‌ಕಟ್ ಎಷ್ಟು ಅಂತ ಮಾರುವವರಿಗೆ ಗೊತ್ತಿಲ್ಲದಿದ್ದರೆ ಬೋರ್ಡಿನ ಮೇಲೇ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅಗಲವಾದ ಎರಡು ಬಿಂದುಗಳ ನಡುವೆ ದಾರ ಬಿಗಿಯಾಗಿ ಹಿಡಿದು ಸೊಂಟದ ಹತ್ತಿರ ಎಷ್ಟು ಮಿಲಿಮೀಟರ್ ಸಂದು ಬರುತ್ತದೆ ಅಳೆಯಿರಿ. ದಾರದ ಉದ್ದದ ವರ್ಗವನ್ನು ಆ ಸಂದಿನ ಎಂಟರಷ್ಟರಿಂದ ಭಾಗಿಸಿದರೆ ಉತ್ತರ ಬರುತ್ತದೆ. ಎಲ್ಲವನ್ನೂ ಮೀಟರಿಗೆ ತಂದುಕೊಳ್ಳುವುದು ಮರೆಯಬೇಡಿ.