ಮೂವತ್ಮೂರು ಡಿಗ್ರಿ, ಒಳಗೆ ಹೋಗಿ ಸಾರ್

ಕೋವಿಡ್ ಕಾಲದಲ್ಲಿ ಬೆಂಗಳೂರಿನ ಮಾಲು, ಬ್ಯಾಂಕು, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ದಿನವೂ ಪವಾಡ ನಡೆಯಿತು. ಮೈಯ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದವರನ್ನು ಆಸ್ಪತ್ರೆಗೆ ಒಯ್ಯಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ಗೇಟಿನ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ 33, 32 ಅಂತ ಬಿದ್ದವರೆಲ್ಲ ‘ನಾರ್ಮಲ್’ ಆಗಿ ಟ್ರಾಲಿ ತಳ್ಳಿಕೊಂಡು ಹೋದರು.

ಪಾಪ, ಥರ್ಮಲ್ ಗನ್ನಿನ ತಪ್ಪೇನಿಲ್ಲ. ಎಷ್ಟೋ ಗನ್ನುಗಳಲ್ಲಿ ಎರಡು ಮೋಡ್ ಇರುತ್ತವೆ: ಒಂದು ಮೈಗೆ, ಇನ್ನೊಂದು ವಸ್ತುವಿಗೆ. ಎರಡನೆಯದರಲ್ಲಿ ಬಿಟ್ಟರೆ ಮನುಷ್ಯನನ್ನೂ ಹಾಲಿನ ಪಾತ್ರೆಯಂತೆ ಅಳೆಯುತ್ತದೆ. ಹಣೆಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕಾದ್ದನ್ನು ಒಂದು ಮಾರು ದೂರದಿಂದ ಮುಂಗೈಗೆ ಗುರಿಯಿಟ್ಟರು. ಹಣೆಗೆ ಹಿಡಿದರೆ ಮಿದುಳು ಸುಡುತ್ತದಂತೆ, ವಾಟ್ಸ್‌ಆ್ಯಪ್ ಹೇಳಿತ್ತು! ಗನ್ ಮೈಯೊಳಗೆ ಏನನ್ನೂ ಬಿಡುವುದಿಲ್ಲ. ಚರ್ಮದಿಂದ ಬರುವ ಶಾಖವನ್ನು ಓದುತ್ತದೆ, ಅಷ್ಟೆ. ಆಗಷ್ಟೇ ಹೆಲ್ಮೆಟ್ ತೆಗೆದ ಬೆವರು ಹಣೆಯಾದರೆ ಕಡಿಮೆ ತೋರಿಸುತ್ತದೆ, ಬಿಸಿಲಲ್ಲಿ ಕಾದು ನಿಂತವರಿಗೆ ಹೆಚ್ಚು. ನಿಜವಾದ ಜ್ವರವಿದ್ದವನು ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿ ಬಂದರೆ ಸಲೀಸಾಗಿ ಪಾಸು.

ಹೋಗಲಿ, ಗನ್ ಸರಿಯಾಗೇ ಅಳೆಯಿತು ಅನ್ನೋಣ. ಅದು ಹುಡುಕುವುದು ಜ್ವರವನ್ನು, ವೈರಸ್ಸನ್ನಲ್ಲ. ಮೊದಲ ಅಲೆಯ ತಳಿಗಳಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಲು ಸರಾಸರಿ 5–6 ದಿನ ಬೇಕಿತ್ತು. ಲಕ್ಷಣಕ್ಕೆ ಸುಮಾರು ಎರಡು ದಿನ ಮೊದಲೇ ಮೂಗು, ಗಂಟಲಿನಲ್ಲಿ ವೈರಸ್ ಇನ್ನೊಬ್ಬರಿಗೆ ದಾಟುವಷ್ಟು ಬೆಳೆದಿರುತ್ತದೆ. ಕೆಲವರಿಗಂತೂ ಕೊನೆವರೆಗೂ ನೆಗಡಿಯೂ ಇಲ್ಲ; ಅವರಿಂದ ಹರಡುವುದು ಕಡಿಮೆ, ಆದರೆ ಸೊನ್ನೆಯಲ್ಲ. ಕೆಮ್ಮಲೇಬೇಕೆಂದಿಲ್ಲ, ಬಾಯಿ ತೆರೆದರೆ ಸಾಕು. ದನಿ ಏರಿದಷ್ಟೂ ಹೊರಬೀಳುವ ಕಣಗಳು ಹೆಚ್ಚು, ಗಾಳಿಯಾಡದ ಕೋಣೆಯಲ್ಲಿ ಅವು ಬಹಳ ಹೊತ್ತು ತೇಲುತ್ತವೆ.

ಇಷ್ಟಕ್ಕೂ ಗನ್ ಯಾರ ಕಡೆಗೆ? ಮನೆಗೆಲಸದ ಅಕ್ಕ, ಡೆಲಿವರಿ ಹುಡುಗ, ಪ್ಲಂಬರ್ ಸಾಲಾಗಿ ಕೈ ಚಾಚಬೇಕು. ಕಾರಿನ ಗಾಜು ಇಳಿಸದ ಫ್ಲಾಟ್ ಓನರ್‌ಗೆ ಸೆಲ್ಯೂಟ್. ಅವರು ಸೀದಾ ಹೋಗುವುದು ಕ್ಲಬ್‌ಹೌಸಿನ ತುರ್ತು ಸಭೆಗೆ. ವಿಷಯ: ಹೊರಗಿನವರಿಂದ ಬರುವ ಸೋಂಕು. ಕಿಟಕಿ ಮುಚ್ಚಿ ಎಸಿ ಹಾಕಿದ್ದಾರೆ, ಮಾಸ್ಕು ಗದ್ದಕ್ಕಿಳಿದಿದೆ, ಒಂದೇ ಮೈಕು ಕೈಯಿಂದ ಕೈಗೆ ಹೋಗುತ್ತಿದೆ, ಎಲ್ಲರೂ ಒಟ್ಟಿಗೇ ಕೂಗಾಡುತ್ತಿದ್ದಾರೆ. ಒಂದೂವರೆ ಗಂಟೆಯ ನಂತರ ನಿರ್ಣಯ ಪಾಸಾಯಿತು: ಕೆಲಸದವರು ಲಿಫ್ಟ್ ಹತ್ತಬಾರದು, ಗೇಟಿಗೆ ಇನ್ನೆರಡು ಗನ್ ತರಿಸಬೇಕು.