ಗ್ರೀಸ್ ನಿಪ್ಪಲ್‌ಗೂ ಬಣ್ಣ ಬಳಿದ ಪುಣ್ಯಾತ್ಮರಿಗೆ

ಭಾನುವಾರ ದಾವಣಗೆರೆ ಹೆದ್ದಾರಿ ಬದಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜೆಸಿಬಿಯ ಪೂಜೆಗೆ ಹೋಗಿದ್ದೆ. (ಮುಂದೆ ಬಕೆಟ್, ಹಿಂದೆ ಕೈ ಇದ್ದರೆ ಯಾವ ಕಂಪನಿಯದಾದರೂ ನಮ್ಮಲ್ಲಿ ಜೆಸಿಬಿಯೇ, ಚೈನಿನ ಮೇಲೆ ನಡೆದರೆ ಹಿಟಾಚಿ.) ಚಕ್ರಗಳಡಿ ನಿಂಬೆಹಣ್ಣು, ಬಕೆಟ್ಟಿಗೆ ಚೆಂಡುಹೂವಿನ ಹಾರ. ಊದುಬತ್ತಿಯನ್ನೂ ಮೀರಿಸಿ ಮೂಗಿಗೆ ಬಡಿಯುತ್ತಿದ್ದದ್ದು ಮಾತ್ರ ಹಸಿ ಬಣ್ಣದ ವಾಸನೆ. ಕೊಂಡವನು ಚಿತ್ರದುರ್ಗದ ಭೀಮಸಮುದ್ರದ ಕಡೆಯ ಹುಡುಗ, ದೂರದ ಸಂಬಂಧ. "ನೋಡಿ ಮಾವ, ಹೊಸದರ ಹಾಗೆಯೇ ಇದೆ" ಎಂದ. ಅಡಿಕೆ ಮಾರಿದ ದುಡ್ಡು, ಸಾಲದ್ದಕ್ಕೆ ತಾಯಿಯ ಒಡವೆ ಅಡವಿಟ್ಟ ದುಡ್ಡು. ಕುಂಬಳಕಾಯಿ ಒಡೆದಾಗಿತ್ತು. ಇನ್ನು ಬಾಯಿ ಬಿಟ್ಟು ಏನು ಪ್ರಯೋಜನ? ಕೇಸರಿಬಾತು ಬಾಯಿಗೆ ಹಾಕಿಕೊಂಡು ಗಾಡಿಗೆ ಒಂದು ಪ್ರದಕ್ಷಿಣೆ ಬಂದೆ.

ಬಕೆಟ್ಟಿನ ಕೀಲಿನ ಪಿನ್ನಿಗೆ ಗ್ರೀಸ್ ತುಂಬುವ ಪುಟ್ಟ ಮೂತಿ, ಅಂದರೆ ಗ್ರೀಸ್ ನಿಪ್ಪಲ್, ಅದರ ಮೇಲೆ ದಪ್ಪಗೆ ಹಳದಿ ಬಣ್ಣ! ಬಾಯಿಯೇ ಮುಚ್ಚಿಹೋಗಿದೆ. ದಿನಕ್ಕೊಮ್ಮೆ ಗ್ರೀಸ್ ಹೊಡೆಯಬೇಕಾದ ಜಾಗ ಅದು. ಅಂದರೆ ಬಣ್ಣ ಬಳಿದವನಿಗೂ ಮಾರಿದವನಿಗೂ ಆ ಗಾಡಿಗೆ ಗ್ರೀಸ್ ಬೇಕೆಂಬ ನೆನಪೇ ಇರಲಿಲ್ಲ. ಗಾಡಿ ಎಷ್ಟು ಗಂಟೆ ದುಡಿದಿದೆ ಎಂದು ತೋರಿಸುವ ಮೀಟರ್ ನೋಡಿದರೆ 4,100 ಗಂಟೆ. ಪೆಡಲ್ ನೋಡಿದರೆ ರಬ್ಬರ್ ಸವೆದು ಕಬ್ಬಿಣ ಬೆಳ್ಳಿಯಂತೆ ಹೊಳೆಯುತ್ತಿದೆ. ಮೀಟರ್ ಬದಲಿಸುವುದು ಗೊತ್ತು, ಪೆಡಲ್ ಬದಲಿಸುವುದು ಗೊತ್ತಿಲ್ಲ. ಸುಳ್ಳು ಹೇಳುವುದರಲ್ಲೂ ಸೋಮಾರಿತನ.

"ಬಣ್ಣ ಹೊಡೆದರೆ ತಪ್ಪೇನು? ತುಕ್ಕು ಹಿಡಿಯುವುದಿಲ್ಲವಲ್ಲ, ಹಬ್ಬಕ್ಕೆ ಮನೆಗೂ ಸುಣ್ಣ ಹೊಡೆಯುತ್ತೇವಲ್ಲ" ಎಂದು ಅಲ್ಲೇ ಇದ್ದ ಒಬ್ಬ ಹಿರಿಯರು ವಾದಕ್ಕೆ ಬಂದರು. ಸರಿ ಸ್ವಾಮಿ. ಸುಣ್ಣ ಹೊಡೆಯುವ ಮುಂಚೆ ಗೋಡೆ ಕೆರೆಯುತ್ತೀರೋ ಇಲ್ಲವೋ? ಇಲ್ಲಿ ಕೆರೆದಿಲ್ಲ, ಪ್ರೈಮರ್ ಹಾಕಿಲ್ಲ, ಎಣ್ಣೆಜಿಡ್ಡಿನ ಮೇಲೆಯೇ ಬಳಿದಿದ್ದಾರೆ. ಎಣ್ಣೆ ಹರಿಯುವ ರಬ್ಬರ್ ಕೊಳವೆಗಳನ್ನೂ, ಅಂದರೆ ಹೈಡ್ರಾಲಿಕ್ ಹೋಸ್‌ಗಳನ್ನೂ, ಬಿಟ್ಟಿಲ್ಲ. ರಬ್ಬರಿಗೆ ತುಕ್ಕು ಹಿಡಿಯುವುದನ್ನು ನಾನಂತೂ ಕಂಡಿಲ್ಲ. ಹೋಸ್‌ನ ಬಿರುಕು ಮುಚ್ಚಬೇಕು, ಹಿಂಗೈಯ ಮೇಲಿನ ವೆಲ್ಡಿಂಗ್ ತೇಪೆ ಮುಚ್ಚಬೇಕು. ಅಷ್ಟಕ್ಕೇ ಬಣ್ಣ.

ಹಳೆಯ ಗಾಡಿ ಕೊಳ್ಳಬೇಡಿ ಎನ್ನುತ್ತಿಲ್ಲ. ನಾನೇ ಹಳೆಯ ಗಾಡಿಯಿಂದ ಅನ್ನ ಉಂಡವನು. 2021ರ ಏಪ್ರಿಲ್‌ನಲ್ಲಿ ಚಕ್ರದ ಯಂತ್ರಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ಸೆನ್ಸರ್ ಗಾಡಿಗಳೇ ಹೆಚ್ಚು. ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವನೇ ಬರಬೇಕು. ಹಳೆಯದನ್ನು ನಮ್ಮ ಮೇಸ್ತ್ರಿ ಸ್ಪ್ಯಾನರ್ ಹಿಡಿದೇ ಎಬ್ಬಿಸುತ್ತಾನೆ. ಆದರೆ ಮಸಿ, ಜಿಡ್ಡು, ತೇಪೆ ಎಲ್ಲ ಕಾಣುವಂತೆ ಕೊಡಿ. ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಇಂಜಿನ್ ಮುಟ್ಟಿ ನೋಡಬೇಕು. ಆಗಲೇ ಬಿಸಿ ಇದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ಅದು ಪಡುವ ಕಷ್ಟವನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ಬುಸುಗುಟ್ಟಿದರೆ ಇಂಜಿನ್ ಒಳಗಿನ ರಿಂಗು, ಲೈನರ್ ಸವೆದು ಮುಗಿದಿವೆ. ಬಕೆಟ್ ಎತ್ತಿ, ಇಂಜಿನ್ ನಿಲ್ಲಿಸಿ, ಒಂದು ಟೀ ಕುಡಿದು ಬನ್ನಿ. ಯಾರೂ ಅದರ ಕೆಳಗೆ ನಿಲ್ಲಬಾರದು, ಅಷ್ಟೇ. ಬರುವಷ್ಟರಲ್ಲಿ ಬಕೆಟ್ ತಲೆ ಬಾಗಿಸಿದ್ದರೆ ಒಳಗೆ ಎಣ್ಣೆ ಜಾರುತ್ತಿದೆ. ಇದನ್ನೆಲ್ಲ ಆ ಹುಡುಗನಿಗೆ ಒಂದು ಫೋನಿನಲ್ಲಿ ಹೇಳುತ್ತಿದ್ದೆ. ಕೇಳಲಿಲ್ಲ. ಬಣ್ಣ ಹೇಳಿದ್ದನ್ನು ಕೇಳಿದ.

ಪಿನ್ನು ಬುಷ್ಷಿನ ಕಥೆ ಹೇಳದಿದ್ದರೆ ನನಗೆ ನಿದ್ದೆ ಬಾರದು. ಪಿನ್ನಿನ ಸುತ್ತ ಕೂರುವ ಲೋಹದ ಬಳೆಯೇ ಬುಷ್, ಗ್ರೀಸ್ ಇಲ್ಲದೆ ಅದು ಸವೆಯುತ್ತದೆ. ಆಗಲೇ ಬದಲಿಸಿದರೆ ಸಣ್ಣ ಖರ್ಚು. ಬಿಟ್ಟರೆ ಬುಷ್ಷೇ ತನ್ನ ಗೂಡಿನಲ್ಲಿ ತಿರುಗತೊಡಗಿ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಆಮೇಲೆ ಎಂಥ ಹೊಸ ಪಿನ್ ಹಾಕಿದರೂ ಹೆಚ್ಚು ದಿನ ನಿಲ್ಲದು. ತೂತಿನ ಒಳಮೈಗೆಲ್ಲ ವೆಲ್ಡಿಂಗ್ ತುಂಬಿ, ಬೋರಿಂಗ್ ಯಂತ್ರವನ್ನು ಗಾಡಿಗೇ ಕಟ್ಟಿ, ಎರಡೂ ಕಡೆಯ ತೂತು ಒಂದೇ ನೇರಕ್ಕೆ ಬರುವಂತೆ ಕೊರೆಯಬೇಕು. ನಮ್ಮ ಲೇತ್ (ಲೋಹ ಕಡೆಯುವ ಯಂತ್ರ) ಮೇಸ್ತ್ರಿ ಇದರಲ್ಲಿ ಕಲಾವಿದ. ಅವನ ಲೇತ್ ಹರಿಹರದ ಕಿರ್ಲೋಸ್ಕರ್‌ನದು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಲೇತ್ ಮಾತ್ರ ಇನ್ನೂ ತಿರುಗುತ್ತಿದೆ. ಅದಕ್ಕೆ ಅವನು ಒಮ್ಮೆಯೂ ಬಣ್ಣ ಹೊಡೆಸಿಲ್ಲ, ದಿನಾ ಎಣ್ಣೆ ಬಿಡುತ್ತಾನೆ.

ಇಷ್ಟೆಲ್ಲ ಬೊಬ್ಬೆ ಹೊಡೆಯುವ ನಾನೇನೂ ಹರಿಶ್ಚಂದ್ರನಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿದಾಗ ಕೆಲಸವಿಲ್ಲದೆ ನಿಂತಿದ್ದ ಯಂತ್ರಗಳಲ್ಲಿ ಒಂದನ್ನು ಅಗ್ಗಕ್ಕೆ ತಂದು ಕೈ ಸುಟ್ಟುಕೊಂಡದ್ದನ್ನು ಹಲವರಿಗೆ ಹೇಳಿದ್ದೇನೆ. ಐದು ವರ್ಷದ ಮೇಲೆ ಅದನ್ನು ಹೇಗೆ ಮಾರಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಬಣ್ಣ ಹೊಡೆಸಿಯೇ ಮಾರಿದೆ. ಕೊಂಡವರು ಚಳ್ಳಕೆರೆಯವರು, ವಯಸ್ಸಾದವರು. ಎರಡು ಸಲ ಫೋನ್ ಮಾಡಿದರು, ಏನೋ ಸಮಾಧಾನ ಹೇಳಿದೆ. ಮೂರನೆಯ ಸಲ ಫೋನ್ ಎತ್ತಲಿಲ್ಲ. ಭಾನುವಾರ ಕೇಸರಿಬಾತು ಗಂಟಲಲ್ಲಿ ಇಳಿಯದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಇವತ್ತು ಹುಡುಗನ ಗಾಡಿ ಮೇಸ್ತ್ರಿಯ ಅಂಗಡಿ ಮುಂದೆ ನಿಂತಿದೆ. ಚನ್ನಗಿರಿಯ ತೋಟಗಳಿಗೆ ಮಣ್ಣು ಹೊಡೆದದ್ದು ಬಿಟ್ಟರೆ ಬೇರೆ ಕೆಲಸವನ್ನೇ ಕಂಡಿಲ್ಲ ಎಂದು ದಲ್ಲಾಳಿ ಆಣೆ ಇಟ್ಟಿದ್ದನಂತೆ. ಸುತ್ತಿಗೆಯಲ್ಲಿ ಇಪ್ಪತ್ತು ನಿಮಿಷ ಬಡಿದ ಮೇಲೆ ಪಿನ್ನು ಹೊರಬಂತು, ನಡುವೆ ಉಗುರು ಸಿಕ್ಕುವಷ್ಟು ಸವೆದಿತ್ತು. ಅದರ ಜೊತೆಗೇ ಅರೆದ ಮಸಾಲೆಯಂತೆ ಗಟ್ಟಿ ಕೆಂಪು ಗಸಿ. ಗ್ರೀಸಿಗೆ ಅದಿರಿನ ದೂಳು ಬೆರೆತರೆ ಅದು ಗ್ರೀಸಲ್ಲ, ಕಬ್ಬಿಣ ಉಜ್ಜುವ ಅರ. ಹುಡುಗ ಒಂದಿಷ್ಟನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ಉಜ್ಜಿ ನೋಡಿದ.

"ಮಾವ, ಇದು ನಮ್ಮೂರಿನ ಗಣಿಯ ಮಣ್ಣು" ಎಂದ.