ಹಳೆ ಕಾಮಿಡಿಗೂ ವಯಸ್ಸಾಗಲಿ ಬಿಡಿ

ಬಿಬಿಸಿಯ ಹಳೆ ಟಿವಿ ಕಾಮಿಡಿ 'ಫಾಲ್ಟಿ ಟವರ್ಸ್' ಮತ್ತೆ ಬರುತ್ತಂತೆ ಅಂತ 2023ರ ಫೆಬ್ರವರಿಯಲ್ಲಿ ಸುದ್ದಿ ಬಂದಾಗ ನನಗೆ ಖುಷಿಗಿಂತ ಗಾಬರಿಯೇ ಜಾಸ್ತಿ ಆಯ್ತು. ಅದರಲ್ಲಿ ಸಿಡುಕು ಹೋಟೆಲ್ ಮಾಲೀಕ ಬೇಸಿಲ್ ಆಗಿದ್ದ ಜಾನ್ ಕ್ಲೀಸ್ ಜೊತೆಗೆ ಅವರ ಮಗಳು ಕಮಿಲಾ ಕೂಡ ಇರುತ್ತಾರಂತೆ. ಬೇಸಿಲ್‌ಗೆ ಇಷ್ಟು ದಿನ ಗೊತ್ತೇ ಇರದಿದ್ದ ಮಗಳೊಬ್ಬಳು ಸಿಗುತ್ತಾಳಂತೆ, ಇಬ್ಬರೂ ಸೇರಿ ಬೊಟಿಕ್ ಹೋಟೆಲ್ ನಡೆಸುತ್ತಾರಂತೆ. ಕಥೆಯಲ್ಲಿ ತಪ್ಪೇನಿಲ್ಲ. ಆದರೆ ಮೂಲದಲ್ಲಿ ಇದ್ದದ್ದೇ ಬರೀ 12 ಎಪಿಸೋಡ್. 1975ರಲ್ಲಿ ಆರು, 1979ರಲ್ಲಿ ಆರು. ಅಲ್ಲಿಗೆ ಮುಗಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದಕ್ಕೇ ಅದು ಇವತ್ತಿಗೂ ಹಳಸಿಲ್ಲ ಅಂತ ನಂಬಿರೋನು ನಾನು.

ಮೊದಲ ಎಪಿಸೋಡ್ ನೆನಪಿದೆಯಾ? ಟಾರ್ಕಿ ಊರಿನ ಆ ಸಣ್ಣ ಹೋಟೆಲಿನ ಕೌಂಟರಿಗೆ ಒಬ್ಬ ಬರುತ್ತಾನೆ. ಬೇಸಿಲ್ ಫೋನಿನಲ್ಲಿ ಬಿಜಿ. ಬಂದವನ ಮುಖ ಕೂಡ ನೋಡದೆ ಫಾರಂ ತಳ್ಳಿ, ಪೂರ್ತಿ ಹೆಸರು ಬರೀರಿ ಅಂತ ಸಿಡುಕುತ್ತಾನೆ. ಬಂದವನು ತಣ್ಣಗೆ ತಾನು ಲಾರ್ಡ್ ಮೆಲ್ಬರಿ, ಬರೀ 'ಮೆಲ್ಬರಿ' ಅಂತ ಸಹಿ ಹಾಕೋದು ರೂಢಿ ಅನ್ನುತ್ತಾನೆ. ಮುಗೀತು. ಫೋನ್ ಕೆಳಗೆ, ಬೇಸಿಲ್‌ನ ಬೆನ್ನು ಬಿಲ್ಲು. ಆಮೇಲೆ ಆ ಲಾರ್ಡ್‌ಗೋಸ್ಕರ ಊಟಕ್ಕೆ ಕೂತಿದ್ದವರನ್ನೇ ಟೇಬಲ್‌ನಿಂದ ಎಬ್ಬಿಸಿ ಕಳಿಸುತ್ತಾನೆ. ಬಂದಿರೋನು ಲಾರ್ಡೂ ಅಲ್ಲ ಏನೂ ಅಲ್ಲ, ಒಬ್ಬ ಮೋಸಗಾರ ಅನ್ನೋದು ಬೇರೆ ಮಾತು.

ಈ ನಗು ಇಂಗ್ಲೆಂಡಿನ ಅಂತಸ್ತಿನ ಹುಚ್ಚಿನಿಂದ ಹುಟ್ಟಿದ್ದು. ಮೇಲಿನವರ ಮುಂದೆ ಕೈಕಟ್ಟಿ ನಿಲ್ಲೋದು, ಕೆಳಗಿನವರ ಮೇಲೆ ಎಗರೋದು. ಬೇಸಿಲ್‌ಗೆ ಗಿರಾಕಿಗಳು ಅಂದ್ರೆ ಪೀಡೆ. ಅವನು ಹೆದರುತ್ತಿದ್ದದ್ದು ಹೆಂಡತಿ ಸಿಬಿಲ್‌ಗೆ, ಬಿಟ್ಟರೆ ಹೋಟೆಲ್ ಇನ್‌ಸ್ಪೆಕ್ಟರುಗಳಿಗೆ. ಈಗ ಬರೋ ಪ್ರತಿ ಗಿರಾಕಿಯೂ ಇನ್‌ಸ್ಪೆಕ್ಟರೇ, ರೂಮಿಂದಲೇ ಒಂದು ಸ್ಟಾರ್ ಕೊಟ್ಟು ಮಾನ ಕಳೀತಾನೆ. ಕ್ಲೀಸ್ ಅದನ್ನು ಹಿಡಿದರೆ ಹೊಸ ಕಥೆಯಲ್ಲಿ ಜೀವ ಇರುತ್ತೆ. ಅದು ಬಿಟ್ಟು ಅದೇ ಉದ್ದ ಕಾಲಿನ ನಡಿಗೆ, ಅದೇ ಕಿರುಚಾಟ ಅಂದ್ರೆ ಬೇಡಪ್ಪಾ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅಂದ್ರೆ, ಬಿಬಿಸಿ ಈ ಪ್ರಯೋಗ ಒಮ್ಮೆ ದೊಡ್ಡದಾಗಿಯೇ ಮಾಡಿ ನೋಡಿದೆ. 'ಹ್ಯಾನ್‌ಕಾಕ್ಸ್ ಹಾಫ್ ಅವರ್' ಟಿವಿಗೆ ಬಂದು 60 ವರ್ಷ ಆಯ್ತು ಅಂತ 2016ರಲ್ಲಿ ಹಳೆ ಸಿಟ್‌ಕಾಂಗಳನ್ನೆಲ್ಲ, ಅಂದ್ರೆ ಟಿವಿ ಹಾಸ್ಯ ಧಾರಾವಾಹಿಗಳನ್ನೆಲ್ಲ, ಸಾಲಾಗಿ ಎಬ್ಬಿಸಿ ಕೂರಿಸಿದರು. ದೊಡ್ಡ ಅಂಗಡಿಯೊಂದರ ಸೇಲ್ಸ್‌ನವರ ಕಥೆ 'ಆರ್ ಯೂ ಬೀಯಿಂಗ್ ಸರ್ವ್ಡ್?' ಬಂತು. ಕಥೆ ನಡೆಯೋದು 1988ರಲ್ಲಿ, ನಟರು ಹೊಸಬರು, ಪಾತ್ರಗಳು ಮಾತ್ರ ಅವೇ. ಅದೇ ಮಿಸೆಸ್ ಸ್ಲೋಕಂ, ಅದೇ ಕ್ಯಾಪ್ಟನ್ ಪೀಕಾಕ್. ಹಳೇ ನಟರ ಮಿಮಿಕ್ರಿ ನೋಡಿದ ಹಾಗಿತ್ತು. ಒಂದೇ ಎಪಿಸೋಡಿಗೆ ಮುಗೀತು. ಜೈಲಿನ ಕಾಮಿಡಿ 'ಪಾರಿಡ್ಜ್' ಸ್ವಲ್ಪ ವಾಸಿ. ಹಳೇದರಲ್ಲಿ ರಾನಿ ಬಾರ್ಕರ್ ಮಾಡಿದ್ದ ಕೈದಿ ಫ್ಲೆಚರ್‌ನ ಮೊಮ್ಮಗ ಈಗ ಸೈಬರ್ ಅಪರಾಧ ಮಾಡಿ ಜೈಲಿಗೆ ಬಂದಿರುತ್ತಾನೆ. ಬರೆದವರು ಮೂಲ ಲೇಖಕರಾದ ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೇ ಅವರೇ. 2017ರಲ್ಲಿ ಆರು ಎಪಿಸೋಡ್ ಆಯ್ತು, ಆಮೇಲೆ ಸುದ್ದಿಯೇ ಇಲ್ಲ.

ಗೆದ್ದದ್ದು ಯಾವುದು ಗೊತ್ತಾ? 'ಸ್ಟಿಲ್ ಓಪನ್ ಆಲ್ ಅವರ್ಸ್'. ಹಳೇ 'ಓಪನ್ ಆಲ್ ಅವರ್ಸ್'ನಲ್ಲಿ ಆರ್ಕ್‌ರೈಟ್ ಅನ್ನೋ ಜಿಪುಣ ಅಂಗಡಿಯವನು, ಅವನ ಕೈಕೆಳಗೆ ಸೈಕಲ್ ತುಳಿದು ಸಾಮಾನು ತಲುಪಿಸೋ ಗ್ರ್ಯಾನ್‌ವಿಲ್. ಅಂಗಡಿಯ ಗಲ್ಲಾಪೆಟ್ಟಿಗೆ ದಡಕ್ಕನೆ ಮುಚ್ಚಿ ಬೆರಳೇ ಕಚ್ಚುತ್ತಿತ್ತು. ಆರ್ಕ್‌ರೈಟ್ ಆಗಿದ್ದ ಬಾರ್ಕರ್ 2005ರಲ್ಲಿ ತೀರಿಕೊಂಡರು. 2013ರ ಕ್ರಿಸ್‌ಮಸ್ ಮಾರನೇ ದಿನ ಅದೇ ಅಂಗಡಿ ಮತ್ತೆ ತೆರೆಯಿತು. ಗಲ್ಲಾದ ಹಿಂದೆ ನಿಂತಿದ್ದವನು ಗ್ರ್ಯಾನ್‌ವಿಲ್. ನಟ ಅದೇ ಡೇವಿಡ್ ಜೇಸನ್, ಆದರೆ ಈಗ ತಲೆ ನೆರೆತ ಮುದುಕ. ಯಾರ ಜಿಪುಣತನಕ್ಕೆ ಜೀವನವಿಡೀ ಶಾಪ ಹಾಕಿದ್ದನೋ ಪೂರ್ತಿ ಅವನಂತೆಯೇ ಆಗಿದ್ದಾನೆ, ಮಗನನ್ನು ಅದೇ ಥರ ದುಡಿಸುತ್ತಿದ್ದಾನೆ. ಗಲ್ಲಾಪೆಟ್ಟಿಗೆ ಇನ್ನೂ ಕಚ್ಚುತ್ತೆ. ಜೋಕುಗಳೇನೂ ಮಹಾ ಹೊಸವಲ್ಲ, ಕೆಲವಂತೂ ಸಪ್ಪೆ. ಆದರೂ 2019ರವರೆಗೆ ಓಡಿತು. ನಡುವೆ ಕಳೆದ ಅಷ್ಟೂ ವರ್ಷ ಆ ಮುಖದ ಮೇಲೇ ಇತ್ತಲ್ಲ!

ನನಗೆ ಬೇಜಾರಾಗಿದ್ದು 'ಯೆಸ್, ಪ್ರೈಮ್ ಮಿನಿಸ್ಟರ್' ವಿಷಯದಲ್ಲಿ. ಮಂತ್ರಿ ಹ್ಯಾಕರ್‌ನನ್ನು ಹಿರಿಯ ಅಧಿಕಾರಿ ಸರ್ ಹಂಫ್ರಿ ಮಾತಲ್ಲೇ ಆಟ ಆಡಿಸೋ 'ಯೆಸ್ ಮಿನಿಸ್ಟರ್' ಇತ್ತಲ್ಲ, ಹ್ಯಾಕರ್ ಪ್ರಧಾನಿ ಆದ ಮೇಲಿನ ಅದರ ಮುಂದುವರಿಕೆ ಇದು. ಬರೆದಿದ್ದ ಜೊನಾಥನ್ ಲಿನ್ ಮತ್ತು ಆಂಟನಿ ಜೇ ತಾವೇ 2010ರಲ್ಲಿ ಅದನ್ನು ನಾಟಕ ಮಾಡಿದರು, ಲಂಡನ್ನಿನಲ್ಲಿ ಚೆನ್ನಾಗಿ ಓಡಿತು. ಟಿವಿಗೆ ಅಂದಾಗ ಬಿಬಿಸಿ ಮೊದಲು ಪೈಲಟ್, ಅಂದ್ರೆ ಸ್ಯಾಂಪಲ್ ಎಪಿಸೋಡ್ ಮಾಡಿ ತೋರಿಸಿ ಅಂತ ಕೇಳಿತು. ಇವರಿಗೆ ಉರಿದುಹೋಯ್ತು. ಉರಿಯದೆ ಇರುತ್ತಾ? ಗೋಲ್ಡ್ ಅನ್ನೋ ಕಾಮಿಡಿ ಚಾನೆಲ್‌ಗೆ ಹೋಗಿ 2013ರಲ್ಲಿ ಆರು ಎಪಿಸೋಡ್ ಮಾಡಿದರು. ಅಲ್ಲಿಗೆ ನಿಂತಿತು.

ಆ ಆರರಲ್ಲೂ ಒಂದೇ ಕಥೆ, ಪ್ರಧಾನಿಯ ಬಂಗಲೆಯಲ್ಲಿ ಒಂದು ಬಿಕ್ಕಟ್ಟನ್ನು ಎಳೆದದ್ದು ಎಳೆದದ್ದೇ. ಹಳೇದು ಹಾಗಿರಲಿಲ್ಲ. ಅರ್ಧ ಗಂಟೆಗೆ ಒಂದು ವಿಷಯ, ಮಾತಿನ ಜಗಳ, ಸರ್ ಹಂಫ್ರಿಯ ಒಂದು ಉದ್ದದ ವಾಕ್ಯ, ಕೊನೆಗೆ 'ಯೆಸ್, ಮಿನಿಸ್ಟರ್'. 'ಯೆಸ್ ಮಿನಿಸ್ಟರ್'ನ 1981ರ ಆಸ್ಪತ್ರೆ ಎಪಿಸೋಡನ್ನೇ ನೋಡಿ. ಹೊಸ ಆಸ್ಪತ್ರೆಯಲ್ಲಿ ಆಡಳಿತದ ಸಿಬ್ಬಂದಿಯೇ 500 ಜನ, ರೋಗಿ ಒಬ್ಬನೂ ಇಲ್ಲ. ಮಂತ್ರಿ ಹ್ಯಾಕರ್ ವಾರ್ಡ್ ವಾರ್ಡ್ ಸುತ್ತುತ್ತಾನೆ, ಖಾಲಿ ಹಾಸಿಗೆ ಸಾಲು. ಅಲ್ಲಿನ ಆಡಳಿತಾಧಿಕಾರಿ ಹೆಮ್ಮೆಯಿಂದ, ಇದು ದೇಶದಲ್ಲೇ ಒಳ್ಳೆ ಆಡಳಿತ ಇರೋ ಆಸ್ಪತ್ರೆಗಳಲ್ಲಿ ಒಂದು, ಸ್ವಚ್ಛತೆಗೆ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯ ರೇಸಿನಲ್ಲೂ ಇದೆ ಅನ್ನುತ್ತಾಳೆ. ರೋಗಿಗಳೇ ಇಲ್ಲದ ಮೇಲೆ ಗಲೀಜು ಎಲ್ಲಿಂದ ಬರಬೇಕು? ಯಾವ ಪಕ್ಷದ ಸರ್ಕಾರ ಅಂತ ಎಲ್ಲೂ ಹೇಳದೆ ಮಾಡಿದ್ದಕ್ಕೇ ಅದು ಯಾವ ದೇಶಕ್ಕಾದರೂ ಹೊಂದುತ್ತೆ. ನಮ್ಮಲ್ಲಿ 2001ರಲ್ಲಿ ಫಾರೂಕ್ ಶೇಖ್ ಅದನ್ನೇ ಹಿಂದಿಯಲ್ಲಿ 'ಜೀ ಮಂತ್ರೀಜಿ' ಮಾಡಿದಾಗ ಎಳೆದು ತಂದ ಹಾಗೆ ಅನ್ನಿಸಲೇ ಇಲ್ಲ.

ನಾಟಕಕ್ಕೆ ಒಂದು ಅನುಕೂಲ ಇದೆ. ಬೆಳಿಗ್ಗೆ ಪೇಪರಿನಲ್ಲಿ ಬಂದದ್ದು ಸಂಜೆ ಡೈಲಾಗಿಗೆ ಸೇರಿಕೊಳ್ಳುತ್ತೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿವಿಗೆ ಒಮ್ಮೆ ಚಿತ್ರೀಕರಣ ಆಯ್ತು ಅಂದ್ರೆ ಆಯ್ತು. ಲಂಡನ್ನಿನ ಸ್ಟೇಜಿನಲ್ಲಿ ನಡೆದದ್ದು ಟಿವಿಯಲ್ಲಿ ನಡೆಯದೆ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ.

ಹಾಗಾದ್ರೆ ಹಳೇದನ್ನು ಮುಟ್ಟಲೇ ಬಾರದಾ? ಹಾಗೇನಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರು ಕಾಯೋ ವಯಸ್ಸಾದವರ ಕಾಮಿಡಿ 'ಡ್ಯಾಡ್ಸ್ ಆರ್ಮಿ'ಯ 80 ಎಪಿಸೋಡುಗಳಲ್ಲಿ ಮೂರು ಕಳೆದುಹೋಗಿದ್ದವು. ಆಗ ಟೇಪು ದುಬಾರಿ, ಬಿಬಿಸಿ ಅಳಿಸಿ ಮತ್ತೆ ಬಳಸುತ್ತಿತ್ತು. 2019ರಲ್ಲಿ ಗೋಲ್ಡ್ ಚಾನೆಲ್‌ನವರು ಅದೇ ಸ್ಕ್ರಿಪ್ಟ್ ಇಟ್ಟುಕೊಂಡು ಬೇರೆ ನಟರ ಕೈಲಿ ಆ ಮೂರನ್ನೂ ಮಾಡಿಸಿದರು. ಹೊಸದು ಮಾಡ್ತೀವಿ ಅನ್ನೋ ಜಂಬ ಇಲ್ಲ, ಕಳೆದದ್ದನ್ನು ತುಂಬಿಕೊಟ್ಟರು ಅಷ್ಟೇ. ಅಂಥ ಕೆಲಸಕ್ಕೆ ನನ್ನದು ಪೂರ್ತಿ ಓಟು.

ಇನ್ನು ಹಳೇದನ್ನು ಹಾಗೇ ಮರುಪ್ರಸಾರ ಮಾಡೋ ವಿಷಯ. 2020ರ ಜೂನ್‌ನಲ್ಲಿ 'ಫಾಲ್ಟಿ ಟವರ್ಸ್'ನ 'ದಿ ಜರ್ಮನ್ಸ್' ಎಪಿಸೋಡನ್ನು, ಜನಾಂಗೀಯ ಬೈಗುಳ ಇದೆ ಅಂತ ಯುಕೆಟಿವಿ ಅನ್ನೋ ಪ್ರಸಾರ ಸಂಸ್ಥೆ ತೆಗೆದು, ಗಲಾಟೆ ಆದ ಮೇಲೆ ಎಚ್ಚರಿಕೆಯ ಸಾಲು ಸೇರಿಸಿ ವಾಪಸ್ ಹಾಕಿತು. ಆ ಸಾಲು ಇರಲಿ, ಎಪಿಸೋಡೂ ಇರಲಿ. ಲಂಡನ್ನಿನಲ್ಲಿ ವಿದೇಶಿಯರು ಇಂಗ್ಲಿಷ್ ಕಲಿಯೋ ಕ್ಲಾಸಿನ ಕಾಮಿಡಿ 'ಮೈಂಡ್ ಯುವರ್ ಲ್ಯಾಂಗ್ವೇಜ್' ಕಥೆ ಇನ್ನೂ ವಿಚಿತ್ರ. ಜನ ನೋಡುತ್ತಿರುವಾಗಲೇ, ಜನಾಂಗಗಳ ಬಗ್ಗೆ ಅವಮಾನಕರವಾಗಿದೆ ಅಂತ ಆ ಚಾನೆಲ್‌ನ ಕಾರ್ಯಕ್ರಮಗಳ ಮುಖ್ಯಸ್ಥ ಮೈಕೆಲ್ ಗ್ರೇಡ್ 1979ರಲ್ಲಿ ಅದನ್ನು ನಿಲ್ಲಿಸಿದರು. ನಾವು ಇಲ್ಲಿ ಕೂತು 'ತೌಸಂಡ್ ಅಪಾಲಜೀಸ್' ಅಂತ ಅದರಲ್ಲಿನ ಸರ್ದಾರ್ಜಿ ರಂಜಿತ್ ಸಿಂಗ್ ಥರ ಕೈ ಮುಗಿದು ನಕ್ಕಿದ್ದೇ ನಕ್ಕಿದ್ದು. ನಮಗೆ ಸುಲಭ. ಅದೇ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಸ್ಕೂಲಿನಲ್ಲಿ ಓದುತ್ತಿದ್ದ ನಮ್ಮ ಬಣ್ಣದ ಹುಡುಗನಿಗೆ ಮಾರನೇ ದಿನ ಕ್ಲಾಸಿನಲ್ಲಿ ಅದೇ ಉಚ್ಚಾರಣೆಯಲ್ಲಿ ಅಣಕಿಸಿದ್ದರೆ ನಗು ಬರುತ್ತಿರಲಿಲ್ಲ. ಅಂಥ ಹುಡುಗರು ಬೆಳೆದು 1998ರಲ್ಲಿ 'ಗುಡ್‌ನೆಸ್ ಗ್ರೇಶಿಯಸ್ ಮಿ' ಮಾಡಿದರು. ಕುಡಿದ ಇಂಗ್ಲಿಷರು ಇಂಡಿಯನ್ ಹೋಟೆಲಿನಲ್ಲಿ ಮಾಡೋದನ್ನೇ ತಿರುಗಿಸಿ, ಅದರಲ್ಲಿ ಕುಡಿದ ಭಾರತೀಯರ ಗುಂಪೊಂದು ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಮೆನುವಿನಲ್ಲಿ ಅತಿ ಸಪ್ಪೆ ಯಾವುದಿದೆ ಅಂತ ಕೇಳುತ್ತೆ, ವೇಟರ್ ಜೇಮ್ಸ್‌ನ ಹೆಸರನ್ನು ಬೇಕಂತಲೇ ಕೆಡಿಸುತ್ತೆ. 2014ರಲ್ಲಿ ಅವರೂ ವಾಪಸ್ ಬಂದರು, ನಾನಂತೂ ಖುಷಿಯಿಂದ ನೋಡಿದೆ.

ಇದ್ಯಾವುದನ್ನೂ ನೋಡದವರು 'ಯೆಸ್ ಮಿನಿಸ್ಟರ್'ನ ಎರಡನೇ ಸರಣಿಯ ಮೊದಲ ಎಪಿಸೋಡಿನಿಂದ ಶುರು ಮಾಡಿ. ಮೇಲೆ ಹೇಳಿದ ಆಸ್ಪತ್ರೆ ಅದೇ. ಸರ್ಕಾರಿ ಕೆಲಸದಲ್ಲಿರೋ ಫ್ರೆಂಡ್ಸ್ ಇದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರು ನಗೋ ಜಾಗಗಳೇ ಬೇರೆ ಇರುತ್ತವೆ.